ಹೆಸರಿಲ್ಲದ ಕಲ್ಲು, ಮಾವನ ಸಿಟ್ಟು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರೂ ಒಪ್ಪಿದ್ದಾರೆ. ನಾನೂ ಒಪ್ಪಿದ್ದೆ! ನಿವೃತ್ತ ಮೇಷ್ಟ್ರಾದವರು ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಬೇಕೋ, ಇಲ್ಲಾ ನೂರು ವರ್ಷದ ಹಿಂದೆ ಯುದ್ಧಕ್ಕೆ ಹೋದವರನ್ನು ಹುಡುಕುತ್ತಾ ಹರಪನಹಳ್ಳಿಯಿಂದ ಹಡಗಲಿಯವರೆಗೆ ಮೊಪೆಡ್ ಓಡಿಸಬೇಕೋ?

ಇದಕ್ಕೆಲ್ಲ ಕಾರಣ ಒಂದು ಕಲ್ಲು. ಹೊಸಹಳ್ಳಿ ಕಡೆಯ ಒಂದು ಊರಿನ ಚಾವಡಿ ಗೋಡೆಯಲ್ಲಿ ಬ್ರಿಟಿಷರು ಕೂರಿಸಿಹೋದದ್ದು. ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಸತ್ತರು ಎಂದು ಕೆತ್ತಿದ್ದಾರೆ. ಒಂದೇ ಒಂದು ಹೆಸರಿಲ್ಲ! ಮಾವ ಅದನ್ನು ಓದಿ ಅಲ್ಲೇ ಕೂಗಾಡಿದರು: "ಕುರಿಗಾರ ತನ್ನ ಕುರಿಗೂ ಹೆಸರಿಡ್ತಾನಲೇ! ಇವ್ರು ಮನುಷ್ಯಾರನ್ನ ಬರೇ ಎಣಿಸ್ಯಾರ!"

ಹೆಸರು ಕೆತ್ತಿಸಿ ಎಂದು ಅರ್ಜಿ ಹಿಡಿದು ಕಚೇರಿಗೆ ಹೋದರೆ ಗುಮಾಸ್ತ ನಕ್ಕ. "ಸತ್ತೋರು ಬಂದು ಸಹಿ ಹಾಕ್ತಾರೇನ್ರಿ? ಪುರಾವೆ ತರ್ರಿ."

"ಮೊದ್ಲು ನೀ ಬದುಕಿದ್ದಕ್ಕ ಪುರಾವೆ ತೋರ್ಸು!" ಎಂದರು ಮಾವ. ಅರ್ಜಿ ಆ ಮೇಜಿನ ಮೇಲೇ ಪ್ರಾಣಬಿಟ್ಟಿತು.

ನನಗೂ ಮೈಯೆಲ್ಲ ಉರಿಯಿತು. ಸಮುದ್ರವನ್ನೇ ಕಾಣದವರನ್ನು ಹಡಗು ಹತ್ತಿಸಿ, ಯಾರದೋ ಜಗಳಕ್ಕೆ ಬಲಿಕೊಟ್ಟು, ಈಗ ಪುರಾವೆ ಕೇಳುವುದು ಅವರ ಮನೆಯವರನ್ನೇ! ಇದು ಯಾವ ಸೀಮೆಯ ನ್ಯಾಯ?

ಪುರಾವೆ ಆ ಕಲ್ಲಿದ್ದ ಊರಿನ ಕುರಿಗಾರರ ಮನೆಯಲ್ಲೇ ಸಿಕ್ಕಿತು. ದೇವರ ಜಗಲಿಯ ಮೇಲೆ ಗಂಡಸಿನ ಮುಖ ಅಚ್ಚೊತ್ತಿದ ಒಂದು ಬೆಳ್ಳಿಯ ಪದಕ, ಮೈತುಂಬಾ ಅರಿಸಿನದ ಭಂಡಾರ. ಎಂಬತ್ತು ದಾಟಿದ ಅಜ್ಜಿ ಕೈಮುಗಿದು ತೋರಿಸಿದಳು. "ಇವನ ನೋಡ್ರಿ ನಮ್ಮ ತಾತ. ನಮ್ಮಪ್ಪ ಹೊಟ್ಟ್ಯಾಗಿದ್ದಾಗ ಯುದ್ಧಕ್ಕ ಹೋದಾತ ತಿರುಗಿ ಬರಲಿಲ್ಲ, ಸರಕಾರದಿಂದ ಇದು ಬಂತು. ಅಪ್ಪನೂ ನಾವೂ ಅವನ ಮಾರಿ ನೋಡಿದ್ದು ಇದರಾಗ."

ಮಾವ ಪದಕ ಎತ್ತಿಕೊಂಡವರೇ ಹೌಹಾರಿದರು. "ಅಯ್ಯೋ ಯವ್ವಾ! ಇಂವ ನಿಮ್ಮ ತಾತ ಅಲ್ಲ, ಇಂಗ್ಲೆಂಡಿನ ರಾಜ! ನಿಮ್ಮ ತಾತನ್ನ ಸಾಯಾಕ ಕಳಿಸಿದಾತ! ಇಷ್ಟು ವರ್ಷ ಇವನಿಗೆ ಎಡಿ ಇಟ್ಟೀರೇನು?"

ಮುಗಿದ ಕೈ ಹಾಗೇ ಇಟ್ಟುಕೊಂಡು ಅಜ್ಜಿ ಕೇಳಿದಳು. "ಹಂಗಾದ್ರ ನಮ್ಮ ತಾತ ಎಲ್ಲಿ ಅದಾನಪ್ಪಾ?"

ತಾಲ್ಲೂಕಿಗೇ ಜವಾಬು ಕೊಡುವ ಮಾವ ಪದಕವನ್ನು ಬಾಗಿಲ ಬೆಳಕಿಗೆ ಹಿಡಿದು ಹೊರಳಿಸಿದರು. ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು, ಭಂಡಾರ ತುಂಬಿ ಹಳದಿಯಾಗಿದ್ದವು. ಕಷ್ಟಪಟ್ಟು ಓದಿದರು. "ಬೀರಪ್ಪ."

"ಹೌದು, ಅದಾ ಹೆಸರು" ಎಂದಳು ಅಜ್ಜಿ.

ಮಾವ ಅವಳ ಬೆರಳು ಹಿಡಿದು ಆ ಅಂಚಿನ ಮೇಲಿಟ್ಟರು. "ಇಲ್ಲಿ ಅದಾನ ನೋಡವ್ವಾ."

ಅಜ್ಜಿ ನಿಧಾನಕ್ಕೆ ಬೆರಳಾಡಿಸಿದಳು. "ಇಷ್ಟ ಸಣ್ಣಕ ಅದಾನೇನು?" ಎಂದಳು.

ಮಾವ ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು.