ಆರಿಸಿದರೂ ಹೋಗದ ಮುಖ

ನಾನು ಡಬ್ಬಿ ನೋಡಿ ಸರಕಿಗೆ ಮರುಳಾಗುವ ಜಾತಿಯವನು. ಪುಸ್ತಕ ಓದುವ ನನ್ನ ಹಳೆಯ ಯಂತ್ರ, ಇ-ರೀಡರು, ಯಾರೂ ಹೆಸರು ಕೇಳದ ಕಂಪನಿಯದು. ದಪ್ಪಗಿನ ಹಳದಿ ಪ್ಲಾಸ್ಟಿಕ್ಕು. ಪಾಪ, ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೆ ಆಫೀಸಿನ ಬಸ್ಸಿನಲ್ಲಿ ಪಕ್ಕದವನು, ಇದು ತೂಕದ ಯಂತ್ರವೇ ಎಂದು ಮರಾಠಿಯಲ್ಲಿ ಕೇಳಿದ ಮೇಲೆ ಅದರ ಅಕ್ಷರಗಳೂ ನನಗೆ ಮಸುಕಾಗತೊಡಗಿದವು. ದೊಡ್ಡ ಕಂಪನಿಯದನ್ನು ತಂದೆ. ತೆಳ್ಳಗೆ, ಸುತ್ತ ಕಪ್ಪು ಚೌಕಟ್ಟು. ಅದೇ ಪುಸ್ತಕ, ಅದೇ ಅಕ್ಷರ. ಓದುವವನು ಮಾತ್ರ ಬುದ್ಧಿವಂತನಾದಂತಿತ್ತು. ಹೆಂಡತಿ ಸುಧಾ ಎರಡನ್ನೂ ಅಕ್ಕಪಕ್ಕ ಇಟ್ಟು, ಫರಕು ಎಲ್ಲಿ ಅದರೀ ಎಂದಳು. ಅವಳಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ ಎಂದು ಹಳದಿಯದನ್ನು ಮೂಲೆಗೆ ಹಾಕಿದೆ.

ಓದದೆ ಇಟ್ಟಾಗ ಅದರ ಪರದೆಯ ಮೇಲೆ ಬೇಕಾದ ಚಿತ್ರ ನಿಲ್ಲಿಸಬಹುದು. ನಾನು ನನ್ನದೇ ಫೋಟೋ ಹಾಕಿದೆ. ಬಣ್ಣವಿಲ್ಲ, ಬೆಳಕಿಲ್ಲ, ಬೂದುಬೂದಾದ ಗಂಭೀರ ಮುಖ. ಕನ್ನಡಿ ಇಂಥ ಘನತೆಯನ್ನು ನನಗೆ ಎಂದೂ ಕೊಟ್ಟಿರಲಿಲ್ಲ. ವಾಕಡ ಬಡಾವಣೆಯ ನಮ್ಮ ಫ್ಲ್ಯಾಟಿನ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದೆ. ಆ ಕಡೆ ಹಾಯುವಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದರೆ, ನಾನೇ. ಒಮ್ಮೆ ಚಾರ್ಜು ಪೂರ್ತಿ ಮುಗಿಯಿತು. ಯಾವ ಗುಂಡಿ ಒತ್ತಿದರೂ ಯಂತ್ರ ಏಳಲಿಲ್ಲ, ಮುಖ ಮಾತ್ರ ಹಾಗೇ ಇತ್ತು. ವಿದ್ಯುತ್ತಿಲ್ಲದಿದ್ದರೂ ಕೊನೆಯ ಚಿತ್ರವನ್ನು ಹಿಡಿದಿಡುವುದು ಈ ಪರದೆಯ ಗುಣವಂತೆ. ತೆಗೆಯಲು ನನಗೂ ಮನಸ್ಸಾಗಲಿಲ್ಲ.

ಆ ರವಿವಾರ, ತಾಯಿಯಿಲ್ಲದ ಸುಧಾಳನ್ನು ಸಾಕಿದ ಸೋದರತ್ತೆ ಅಂಬಕ್ಕ ಧಾರವಾಡದಿಂದ ಬಂದರು. ಸುಧಾ ಕೊತ್ತಂಬರಿ ತರಲು ಕೆಳಗಿಳಿದಿದ್ದಳು. ಬಾಗಿಲು ಓರೆಯಾಗಿತ್ತು. ನಾನು ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಬಂದರೆ, ಸುಧಾಳ ಮುಡಿಗೆಂದು ತಂದ ಮಲ್ಲಿಗೆ ಮಾಲೆ ನನ್ನ ಫೋಟೋದ ಮೇಲಿದೆ. ಅಂಬಕ್ಕ ಎದುರು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ತಿರುಗಿ ನನ್ನನ್ನು ಕಂಡರು. ಕಿರುಚಲಿಲ್ಲ. ನನ್ನ ಒದ್ದೆ ಪಾದಗಳನ್ನೇ ನೋಡಿದರು. ಹಿಮ್ಮಡಿ ಮುಂದಾಗಿವೆಯೋ ಎಂದು ಪರೀಕ್ಷಿಸಿರಬೇಕು.

ಸುಧಾ ಬಂದು ಎಲ್ಲ ಬಿಡಿಸಿ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. "ಜೀವಂತ ಇದ್ದವರ ಫೋಟೋಕ್ಕ ನನ್ನ ಕೈಲೆ ಮಾಲಿ ಹಾಕಿಸಿದ್ರಿ. ಅದರ ಕಣ್ಣಮುಂದ ನಾ ನೀರೂ ಕುಡಿಯಂಗಿಲ್ಲ" ಎಂದು ಚೀಲ ಎತ್ತಿಕೊಂಡರು. ಆರಿಸಿಬಿಡುತ್ತೇನೆ ಎಂದು ನಾನು ಗುಂಡಿ ಒತ್ತಿದೆ, ಒತ್ತಿದೆ. ಚಾರ್ಜು ಮತ್ತೆ ಮುಗಿದಿತ್ತು, ಮಾಲೆಯ ಹಿಂದಿನಿಂದ ಆ ಮುಖ ನೋಡುತ್ತಲೇ ಇತ್ತು. ಸುಧಾ ನನ್ನತ್ತ ತಿರುಗಿ ಮೆಲ್ಲಗೆ, "ಅತ್ಯಾ ಹಿಂಗ ಎದ್ದು ಹೋದ್ರ ನನಗ ತವರ ಅನ್ನೂದ ಉಳಿಯೂದಿಲ್ಲ ನೋಡ್ರಿ" ಎಂದಳು.

ದೊಡ್ಡ ಕಂಪನಿ ಕಪಾಟಿನ ತಳ ಸೇರಿತು. ಹಳದಿಯದನ್ನು ಹುಡುಕಿ ತಂದು, ಅದರಲ್ಲಿದ್ದ ಒಂದು ಕಥೆಯನ್ನು ಅಂಬಕ್ಕನಿಗೆ ಓದಿ ಹೇಳಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು. "ಇದು ಭಾಳ ಚಲೋ ಅದ. ಉಪ್ಪಿನ ಡಬ್ಬಿಗತೆ ಅದ. ಇದರಾಗ ಯಾರೂ ಇರೂದಿಲ್ಲ" ಎಂದು ಚಹಾ ಕುಡಿದರು.

ಅವರು ಊರಿಗೆ ಹೋದ ಮೇಲೆ ಚಾರ್ಜಿಗೆ ಹಾಕೋಣವೆಂದು ಕಪಾಟು ತೆಗೆದೆ. ಕತ್ತಲಲ್ಲಿ ಅದೇ ಮುಖ, ಹಣೆಯ ಮೇಲೆ ಒಂದು ಒಣಗಿದ ಎಸಳು. ವೈರು ಹಿಡಿದಿದ್ದ ಕೈ ತಾನಾಗಿ ಇನ್ನೊಂದನ್ನು ಸೇರಿ ಮುಗಿಯಿತು. ಬದುಕಿರುವ ನನಗೆ ಈ ಮನೆಯಲ್ಲಿ ಯಾರೂ ಕೈಮುಗಿದದ್ದಿಲ್ಲ. ಆದರೆ ಏನೇ ಹೇಳಿ, ಅವನು ದೊಡ್ಡ ಕಂಪನಿಯವನು.