ನೆಲ ಏರಿತು, ಬಾಗಿಲು ಕೂತಿತು

ಸ್ವಲ್ಪ ನಿಂತು ಹೋಗಿ. ನಿಮ್ಮ ಮನೆಯಲ್ಲಿ ಹಳೇ ನೆಲದ ಮೇಲೆ ಹೊಸ ಟೈಲ್ಸ್ ಹಾಕುವ ಯೋಚನೆ ಇದ್ದರಂತೂ ಕೂತೇ ಓದಿ. ಈ ವಿಷಯದಲ್ಲಿ ನಾನು ತಜ್ಞ. ಹೇಗೆ ಹಾಕಬಾರದು ಅನ್ನುವುದರಲ್ಲಿ!

ಕೊತ್ತತ್ತಿಯ ನಮ್ಮ ಮನೆಗೆ ಆ ಭಾನುವಾರ ಮಳವಳ್ಳಿ ಕಡೆಯಿಂದ ಹೆಣ್ಣಿನವರು ಬರುವವರಿದ್ದರು. ಹುಡುಗಿಯನ್ನು ನಾನು ಮದ್ದೂರಿನಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿ ನೋಡಿಯಾಗಿತ್ತು. ನೋಡಿದ ಗಳಿಗೆಯಿಂದ ನನಗೆ ಊಟ ಸೇರುತ್ತಿರಲಿಲ್ಲ. ಪುಣ್ಯಕ್ಕೆ ಅವಳೂ ಒಪ್ಪಿದ್ದಳು. ಉಳಿದಿದ್ದು ಒಂದೇ, ಅವರ ಕಡೆಯ ಹಿರಿಯರು ಬಂದು ನಮ್ಮ ಮನೆ ನೋಡುವ ಶಾಸ್ತ್ರ. ಗಂಡು ನೋಡುವುದಕ್ಕಿಂತ ಮನೆ ನೋಡುವುದರಲ್ಲೇ ನಮ್ಮ ಕಡೆಯವರು ಬಲು ಬಿಗಿ.

ನಮ್ಮ ನಡುಮನೆಗೆ ಇದ್ದದ್ದು ತಾತನ ಕಾಲದ ಕೆಂಪು ಗಾರೆ ನೆಲ. ಅದನ್ನು ನೋಡಿ ಅವರು ಏನಂದುಕೊಂಡಾರು ಎಂದು ನನಗೆ ಚಿಂತೆ ಹತ್ತಿತು. ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿದೆ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ನಾನೇ ಮೇಸ್ತ್ರಿ ಆಗಿದ್ದೆ! ಮಂಡ್ಯದಿಂದ ಬಿಳಿ ಟೈಲ್ಸ್ ತಂದು ಇಳಿಸಿದೆ.

“ನೆಲ ಚೆನ್ನಾಗೇ ಅದಲ್ಲಾ ಮಗ, ಯಾಕ್ಲಾ ಇದೆಲ್ಲ?” ಎಂದಳು ಅವ್ವ.

“ಅಗಿಯೋದೇನಿಲ್ಲ ಕಣವ್ವ. ಅದ್ರ ಮ್ಯಾಲೇ ಅಂಟ್ಸೋದು. ದೋಸೆ ಮ್ಯಾಲೆ ದೋಸೆ ಇಟ್ಟಂಗೆ.”

“ಮೇಸ್ತ್ರೀನ ಕರಿಯಲಾ.”

“ಮೇಸ್ತ್ರಿಗೇನ್ ಗೊತ್ತು, ಬುಡವ್ವ!”

ಗುರುವಾರ ಬೆಳಿಗ್ಗೆ ತಲೆಬಾಗಿಲು ಮುಚ್ಚಿ ಅಗಳಿ ಹಾಕಿದೆ. ಬೀದಿಯ ಕೋಳಿಗಳು ನುಗ್ಗಿ ಹಸಿ ಸಿಮೆಂಟಿನ ಮೇಲೆ ಓಡಾಡಬಾರದಲ್ಲ, ಅಷ್ಟು ಮುಂದಾಲೋಚನೆ ನನ್ನದು! ಬಾಗಿಲ ಬುಡದಿಂದಲೇ ಶುರು ಮಾಡಿ, ಸಾಲು ಸಾಲಾಗಿ ಅಂಟಿಸುತ್ತಾ, ಹಿಂದೆ ಹಿಂದೆ ಸರಿದು ಅಡುಗೆಮನೆ ಸೇರಿ, ಹಿತ್ತಿಲ ಬಾಗಿಲಿಂದ ಹೊರಬಿದ್ದೆ. ಮೂರು ದಿನ ನಡುಮನೆಗೆ ಯಾರೂ ಕಾಲಿಡಕೂಡದು ಎಂದು ಆಜ್ಞೆ ಹೊರಡಿಸಿದೆ. ಅಪ್ಪ, ಅವ್ವ ಇಬ್ಬರೂ ಹಿತ್ತಿಲಲ್ಲೇ ಓಡಾಡಿದರು. ನಾನು ಮಾತ್ರ ಗಂಟೆಗೊಮ್ಮೆ ಕಿಟಕಿಯಿಂದ ಇಣುಕಿ ನನ್ನ ಕೈಕೆಲಸವನ್ನು ನಾನೇ ಮೆಚ್ಚುತ್ತಿದ್ದೆ.

ಭಾನುವಾರ ನಾಲ್ಕು ಗಂಟೆ. ನೆಂಟರ ಕಾರು ಬಂತು. ಅಪ್ಪ ಬೀದಿಯಲ್ಲಿ ಕೈಮುಗಿದು ನಿಂತಿದ್ದರು. ಇಸ್ತ್ರಿ ಅಂಗಿ ತೊಟ್ಟ ನಾನು ಒಳಗಿನಿಂದ ಬಾಗಿಲು ತೆರೆದು ಬರಮಾಡಿಕೊಳ್ಳಬೇಕು, ಹೊಸ ನೆಲ ಫಳಫಳ ಹೊಳೆಯಬೇಕು, ಅವರು ಬೆರಗಾಗಬೇಕು. ನಡೆಯುವಾಗ ಕಾಲಡಿ ಟೈಲ್ಸ್ ಟೊಳ್ಳು ಟೊಳ್ಳಾಗಿ ಸದ್ದು ಮಾಡಿತು. ಹೊಸದಲ್ಲವೇ, ಪಳಗುತ್ತದೆ ಅಂದುಕೊಂಡೆ. ಅಗಳಿ ತೆಗೆದೆ. ಎಳೆದೆ. ಬಾಗಿಲು ಬರಲಿಲ್ಲ.

ಕೆಳಗೆ ನೋಡಿದೆ. ನಮ್ಮ ತಲೆಬಾಗಿಲು ಒಳಕ್ಕೆ ತೆರೆಯುವಂಥದ್ದು. ನೆಲ ಒಂದಿಂಚು ಮೇಲೆದ್ದಿತ್ತು. ಬಾಗಿಲಿಗೆ ಆ ಸಂಗತಿ ಯಾರೂ ತಿಳಿಸಿರಲಿಲ್ಲ!

“ಬಾಗ್ಲು ತಗಿಯಲಾ!” ಹೊರಗಿನಿಂದ ಅಪ್ಪ.

“ಬತ್ತಾಯಿಲ್ಲ ಕಣಪ್ಪ!”

“ಏನ್ಲಾ ಬತ್ತಾಯಿಲ್ಲ?”

“ಬಾಗ್ಲು!”

ಅಪ್ಪ ಭುಜ ಕೊಟ್ಟು ತಳ್ಳಿದರು. ಸಾಲದೆ ಹುಡುಗಿಯ ಸೋದರಮಾವನೂ ಭುಜ ಕೊಟ್ಟರು. ಎಮ್ಮೆಯನ್ನೇ ತಳ್ಳಬಲ್ಲ ದೊಡ್ಡ ಮೀಸೆಯ ಆಸಾಮಿ. ಬಾಗಿಲು ಮಿಸುಕಲಿಲ್ಲ. ಮನೆ ನೋಡಲು ಬಂದವರ ಕೈಲಿ ಬಾಗಿಲು ಮುರಿಸಲು ಹೊರಟ ಮೊದಲ ಗಂಡು ನಾನೇ ಇರಬೇಕು.

“ಇತ್ಲು ಕಡೆಯಿಂದ ಬರಬೌದಾ?” ಅಪ್ಪ ದನಿ ತಗ್ಗಿಸಿ ಕೇಳಿದರು.

“ಅದೆಂಗಾಯ್ತದೆ ಗೌಡ್ರೇ? ಮೊದಲ್ನೇ ಸಲ ಬಲಗಾಲಿಟ್ಟು ಬರೋರು ಕೊಟ್ಟಿಗೆ ದಾಟ್ಕಂಡು ಬರೋದಾ?” ಎಂದರು ಸೋದರಮಾವ. “ನಾಕೂವರೆಗೆ ರಾಹುಕಾಲ ಸುರುವಾಯ್ತದೆ. ಅಷ್ಟ್ರೊಳ್ಗೆ ಬಾಗ್ಲು ತಗುದ್ರೆ ಸರಿ. ಇಲ್ದಿದ್ರೆ ನಾವು ಒಂಟೋ.”

ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಅವ್ವ ಹಿತ್ತಿಲಿಂದ ಹಾರೆ ತಂದು ನನ್ನ ಕೈಗೆ ತುರುಕಿದಳು.

“ಒಡದಾಕ್ಲಾ!”

“ಒಸಾ ಟೈಲ್ಸ್ ಕಣವ್ವ...”

“ಟೈಲ್ಸ್‌ನೇ ಕಟ್ಕೊಂಡು ಬಾಳಾಟ ಮಾಡೀಯಾ?”

ಬಾಗಿಲ ಬುಡದ ಸಂದಿಗೆ ಹಾರೆ ಕೊಟ್ಟು ಕಣ್ಣು ಮುಚ್ಚಿ ಮೀಟಿದೆ. ಟೈಲ್ಸ್ ಒಡೆಯಲೇ ಇಲ್ಲ. ಇಡಿಯಾಗಿ ಎದ್ದು ಬಂತು! ಪಕ್ಕದ್ದೂ ಎದ್ದಿತು. ಅದರ ಪಕ್ಕದ್ದೂ. ಗಾಬರಿಯಲ್ಲಿ ಹಿಂದೆ ಕಾಲಿಟ್ಟರೆ ಅಲ್ಲಿನದು ಜಾರಿತು, ಜೊತೆಗೆ ನಾನೂ. ಅವ್ವ ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಕನ್ನಡಿ ಮಾಡಿದ್ದ ಗಾರೆ ಅದು, ಸಿಮೆಂಟು ಹಿಡಿಯುವುದಾದರೂ ಹೇಗೆ? ಮೊದಲು ಉಳಿಯಿಂದ ಕೊಚ್ಚಿ ನೆಲವನ್ನು ಒರಟು ಮಾಡಿಕೊಳ್ಳಬೇಕಂತೆ. ಹನ್ನೊಂದು ವಿಡಿಯೊದಲ್ಲೂ ಅದನ್ನು ಹೇಳಿದ್ದಾರೆ. ಆ ಭಾಗವನ್ನೇ ನಾನು ಓಡಿಸಿಕೊಂಡು ನೋಡಿದ್ದೆ!

ನಾಲ್ಕು ಇಪ್ಪತ್ತೆಂಟಕ್ಕೆ ಬಾಗಿಲು ತೆರೆಯಿತು. ಸೋದರಮಾವ ಬಲಗಾಲಿಟ್ಟು ಒಳಬಂದರು. ಮೈಯೆಲ್ಲ ಸಿಮೆಂಟಿನ ಪುಡಿ ಮೆತ್ತಿಕೊಂಡು, ಟೈಲ್ಸ್ ರಾಶಿಯ ನಡುವೆ ಹಾರೆ ಹಿಡಿದು ಕೂತಿದ್ದ ಭಾವೀ ಅಳಿಯನನ್ನು ಒಂದು ನಿಮಿಷ ನೋಡಿದರು. ಕಾಫಿ ಕುಡಿದರು. ಅಡುಗೆಮನೆ, ಕೊಟ್ಟಿಗೆ, ಹಿತ್ತಿಲು, ಹಿಂದಿನ ಗದ್ದೆ ಎಲ್ಲ ಸುತ್ತಿ ಬಂದರು. ಕೊನೆಗೆ ಅಪ್ಪನ ಕೈ ಹಿಡಿದು ಹೇಳಿದರು:

“ಮನೆ ಒಪ್ಗೆ ಆಯ್ತು ಗೌಡ್ರೇ. ಗಂಡಿನ್ ವಿಚಾರ ಮಾತ್ರ ಇನ್ನೊಂದ್ ಸಲ ಯೋಚ್ನೆ ಮಾಡಿ ತಿಳುಸ್ತೀವಿ.”

ಇವತ್ತಿಗೆ ಎಂಟು ದಿನ. ಫೋನು ಬಂದಿಲ್ಲ. ಹೀಗೆ ಮನೆ ಪಾಸಾಗಿ ಗಂಡು ಫೇಲಾದ ಅನುಭವ ನಿಮ್ಮಲ್ಲಿ ಯಾರಿಗಾದರೂ ಆಗಿದ್ದರೆ ದಯವಿಟ್ಟು ಬರೆದು ತಿಳಿಸಿ. ಎಷ್ಟು ದಿನ ಕಾದಿರಿ ಅನ್ನುವುದನ್ನೂ ಬರೆಯಿರಿ. ನಾನಲ್ಲ, ಅವ್ವ ಕೇಳುತ್ತಿದ್ದಾಳೆ.