ಬೀಗರ ಕುದುರೆಯ ವಂಶಾವಳಿ

ಗ್ರಂಥಪಾಲಕನಾಗಿ ನಿವೃತ್ತನಾದವನಿಗೆ ಒಂದು ಶಾಪವಿದೆ. ಪುಸ್ತಕಗಳ ನಡುವೆ ಕೂತಿದ್ದವನು ಎಲ್ಲವನ್ನೂ ಓದಿರುತ್ತಾನೆಂದು ಊರು ನಂಬುತ್ತದೆ. ಕಾಲ ಕಳೆದಂತೆ ಅವನೂ ನಂಬಿಬಿಡುತ್ತಾನೆ. ನಾನು ಓದಿದ್ದು ಮುಖ್ಯವಾಗಿ ಪುಸ್ತಕಗಳ ಬೆನ್ನನ್ನು. ಆದರೂ ಹಿಂದೂಪುರದಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ, ಯಾರ ಕೂಸಿಗೆ ಹೆಸರಿಡಬೇಕಾದರೂ ನನ್ನ ಅಭಿಪ್ರಾಯ ಕೇಳುತ್ತಾರೆ, ನಾನು ಕೊಡುತ್ತೇನೆ. ಈ ಉದಾರಗುಣವೇ ನನ್ನನ್ನು ಪೋಲೆಂಡ್ ದೇಶದವರೆಗೆ ಎಳೆದೊಯ್ದು, ಸ್ವಂತ ಮಗಳ ಮದುವೆಗೇ ಕುತ್ತು ತರುವ ಹಂತಕ್ಕೆ ಮುಟ್ಟಿಸಿತು.

ಮಗಳು ಸುಮಾಳಿಗೆ ಕಲ್ಯಾಣದುರ್ಗದಿಂದ ಸಂಬಂಧ ಬಂದಿತ್ತು. ಹುಡುಗನೂ ಹುಡುಗಿಯೂ ಒಪ್ಪಿದ್ದರು. ಹುಡುಗನ ತಂದೆ ತಿಪ್ಪೇಸ್ವಾಮಿಯವರು ಮಾತ್ರ "ವಿಚಾರಿಸಿ ಹೇಳ್ತೀವಿ ಸಾರ್" ಎಂದಿದ್ದರು. ಮದುವೆ ಮೆರವಣಿಗೆಗೆ ಕುದುರೆ, ಸಾರೋಟು ಕೊಡುವುದು ಅವರ ಕಸುಬು. ವಿಚಾರಿಸದೆ ಹುಲ್ಲನ್ನೂ ಕೊಳ್ಳುವವರಲ್ಲ. ನಮ್ಮ ಮನೆತನದ ಬಗ್ಗೆ ಕೇಳಿದಾಗ, ಪರಿಗಿಯಲ್ಲಿದ್ದ ನಮ್ಮ ತಾತ ಸಾರಿಗೆ ಉದ್ಯಮದಲ್ಲಿದ್ದರೆಂದು ಗಂಭೀರವಾಗಿ ತಿಳಿಸಿದ್ದೆ. "ಬಸ್ಸಾ ಸಾರ್?" ಎಂದರು. ಆ ಕ್ಷಣಕ್ಕೆ ಸರಿಯಾಗಿ ನನಗೆ ಕಾಫಿ ಕುಡಿಯಬೇಕೆನಿಸಿತು.

ಅಂದೇ ಅವರು ತಮ್ಮ ಹೊಸ ಕುದುರೆಯ ಮಾತೆತ್ತಿದರು. "ಪೋಲೆಂಡ್ ವಾರ್ಮ್‌ಬ್ಲಡ್ ಅಂತ ಹೇಳಿ ಕೊಟ್ಟವ್ರೆ ಸಾರ್. ಬೋರ್ಡೂ ಬರೆಸ್ಬುಟ್ಟಿದ್ದೀನಿ. ನೀವು ಓದಿದೋರು, ಇದ್ರಪ್ಪ ಯಾರು, ತಾತ ಯಾರು, ಕೊಂಚೆಂ ತೆಗೀರಿ."

ಆಗಲಿ ಎಂದೆ. ಆಗುವುದಿಲ್ಲ ಎಂದು ನಾನು ಜೀವಮಾನದಲ್ಲಿ ಹೇಳಿದವನಲ್ಲ.

ಆಮೇಲಿನ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ವಾರ್ಮ್‌ಬ್ಲಡ್ ಎಂಬುದಕ್ಕೂ ಮೈಶಾಖಕ್ಕೂ ಸಂಬಂಧವಿಲ್ಲವಂತೆ. ಗಾಡಿ ಎಳೆಯುವ ದಪ್ಪ ಕುದುರೆಗೂ ಓಡುವ ಅರಬ್ಬಿ ಕುದುರೆಗೂ ನೆಂಟಸ್ತನ ಬೆಳೆದು ಹುಟ್ಟಿದ ಹದವಾದ ಸಂತಾನವಂತೆ. ಪೋಲೆಂಡಿನಲ್ಲಿ ಅದಕ್ಕೂ ಶಾಖೋಪಶಾಖೆ. ಪ್ರಷ್ಯಾದಿಂದ ಮಹಾಯುದ್ಧದಲ್ಲಿ ಚೆದುರಿ ಬಂದು ನೆಲೆಸಿದ ಕುದುರೆಗಳದ್ದೊಂದು ಕವಲು, ಹಂಗೇರಿಯ ಕಡೆಯ ರಕ್ತ ಸೇರಿದ್ದೊಂದು ಕವಲು. ನಮ್ಮ ತಾತನ ತಂದೆಯ ಹೆಸರೇ ಗೊತ್ತಿಲ್ಲದ ನಾನು ಯಾವುದೋ ಹೆಣ್ಣು ಕುದುರೆಯ ಮುತ್ತಜ್ಜಿಯವರೆಗೆ ತಲುಪಿದ್ದೆ. ಆದರೆ ಆ ಮಹಾವೃಕ್ಷದ ಯಾವ ಕೊಂಬೆಗೂ ಕಲ್ಯಾಣದುರ್ಗದ ಕುದುರೆಯನ್ನು ಕಟ್ಟಲು ಹಗ್ಗ ಸಿಗಲಿಲ್ಲ.

"ಮಗಳ ಮದ್ವೆ ಬಿಟ್ಟು ಕುದ್ರೆ ಅಜ್ಜಿ ಹುಡುಕ್ತಾ ಕುಂತವ್ರೆ ಕಣಮ್ಮ," ಎಂದು ನನ್ನಾಕೆ ಸರೋಜ ಪಕ್ಕದ ಮನೆಯವರಿಗೆ ಹೇಳುವುದು ನನಗೆ ಕೇಳಿಸುವಂತಿತ್ತು.

ಕೊನೆಗೆ ಇಬ್ಬರೂ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆವು. ತಿಪ್ಪೇಸ್ವಾಮಿ ಕುದುರೆಯನ್ನು ಹಿತ್ತಲಿನಿಂದ ನಡೆಸಿಕೊಂಡು ಬಂದರು. ಬಿಳಿ ಬಣ್ಣ, ಒಳ್ಳೆಯ ನಡೆ, ಸಭ್ಯ ಮುಖ. ಅದು ನನ್ನನ್ನು ನೋಡಿ ಕಿವಿ ನಿಮಿರಿಸಿತು. ಎರಡೂ ಕಿವಿಗಳ ತುದಿ ಒಳಕ್ಕೆ ಬಾಗಿ, ನಮಸ್ಕಾರ ಮಾಡಿದಂತೆ ಒಂದನ್ನೊಂದು ಮುಟ್ಟುತ್ತಿದ್ದವು. ಅಂಥ ಕಿವಿ ಇರುವುದು ರಾಜಸ್ಥಾನದ ಮಾರ್ವಾಡಿ ಕುದುರೆಗೆ. ಪೋಲೆಂಡಿನ ಯಾವ ಮುತ್ತಜ್ಜಿಗೂ ಇರಲಿಲ್ಲ.

ಗೋಡೆಯ ಮೇಲೆ ಬೋರ್ಡು ಮಿಂಚುತ್ತಿತ್ತು. ನಿಜ ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ, ಅದರ ಹಿಂದೆಯೇ ಮಗಳ ಸಂಬಂಧ. ಸುಳ್ಳು ಹೇಳಿ ನಾಳೆ ಗೊತ್ತಾದರೆ ನನ್ನ ಮರ್ಯಾದೆ, ಆಗಲೂ ಮಗಳ ಸಂಬಂಧವೇ. ಸರೋಜ ಪಕ್ಕೆ ತಿವಿದು, "ಬಾಯಿ ಬಿಟ್ಟೀರ ಮತ್ತೆ," ಎಂದು ಪಿಸುಗುಟ್ಟಿದಳು. ಬಿಟ್ಟೆ.

"ತಂದೆ ಕಡೆಯಿಂದ ಪೋಲೆಂಡ್ ಇದ್ದರೂ ಇರಬಹುದು. ಕಿವಿ ಮಾತ್ರ... ತಾಯಿ ಕಡೆಯದು ಅನ್ನಿಸುತ್ತದೆ."

ತಿಪ್ಪೇಸ್ವಾಮಿ ಕುದುರೆಯ ಕುತ್ತಿಗೆ ಸವರುತ್ತಾ, "ತಂದ ದಿನಾನೇ ಕಿವಿ ನೋಡೀನಿ ಸಾರ್," ಎಂದರು. "ಪೋಲೆಂಡ್ ಅಂದ್ರೆ ಮದ್ವೆ ಮನೆಯೋರಿಗೆ ಒಂದ್ ಖುಷಿ. ನೀವು ಹೇಳ್ತೀರೋ ಇಲ್ವೋ ಅಂತ ನೋಡಾಣ ಅಂದ್ಕೊಂಡೆ. ಮೊನ್ನೆ ಪರಿಗೀಗೆ ಸಾರೋಟು ಒಯ್ದಿದ್ದೆ. ನಿಮ್ಮ ಹೆಸ್ರು ಹೇಳ್ದೆ. 'ಜಟಕಾ ನಂಜಪ್ಪನ ಮೊಮ್ಮಗ, ತಾತನಂಗೇ ಗಿಣಿಮೂಗಿನೋನಾ?' ಅಂದ ಒಬ್ಬ ಮುದುಕ."

ನನ್ನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಸರೋಜ ನೆಲ ನೋಡಿದಳು. ನಗುತ್ತಿದ್ದಳೆಂದು ಆಮೇಲೆ ತಿಳಿಯಿತು.

"ಜಟಕಾನೂ ಸಾರಿಗೇನೇ," ಎಂದೆ.

"ಮತ್ತೆ? ನಿಮ್ಮ ತಾತ ಚಾಟಿ ಎತ್ತಿದ್ದೇ ಕಾಣೆ ಅಂದ ಆ ಮುದುಕ. ಅಂಥ ಮನೆ ಹುಡುಗಿ ಸಿಕ್ಕೋದು ಸುಲಭವಾ?" ಎಂದು ಲಗಾಮನ್ನು ನನ್ನ ಕೈಗೆ ಕೊಟ್ಟರು. "ಹಿಡ್ಕೊಳ್ಳಿ ಬಾವಗಾರೂ."

ನಮ್ಮ ಕಡೆ ಬೀಗರನ್ನಲ್ಲದೆ ಬೇರೆ ಯಾರನ್ನೂ ಆ ಧಾಟಿಯಲ್ಲಿ ಕರೆಯುವುದಿಲ್ಲ. ಸಂಬಂಧ ಕುದುರಿತ್ತು. ಸರೋಜಳ ನಿಟ್ಟುಸಿರಿಗೆ ಕುದುರೆಯೂ ತಿರುಗಿ ನೋಡಿತು.

ಆದರೆ ಲಗಾಮು ನನ್ನ ಕೈಯಲ್ಲೇ ಉಳಿಯಿತು. ಮೆರವಣಿಗೆಯಲ್ಲಿ ವರನ ಕುದುರೆಯನ್ನು ನಾನೇ ನಡೆಸಬೇಕೆಂದು ಬೀಗರ ಅಪ್ಪಣೆ. ತಾತನ ರಕ್ತ ನನ್ನಲ್ಲಿದೆಯಂತೆ. ಈಗ ದಿನವೂ ಸಂಜೆ ಮನೆಯ ಮುಂದೆ, ಸರೋಜ ಕೊಟ್ಟ ಬಟ್ಟೆ ಒಣಹಾಕುವ ಹಗ್ಗ ಹಿಡಿದು ಗಂಭೀರವಾಗಿ ನಡೆಯುವ ಅಭ್ಯಾಸ ಮಾಡುತ್ತಿದ್ದೇನೆ. ದಿಬ್ಬಣದಲ್ಲಿ ಯಾರಾದರೂ ಕುದುರೆಯ ತಳಿ ಕೇಳಿದರೆ ಪೋಲೆಂಡ್ ಎಂದು ಹೇಳುವುದಾಗಿ ಬೀಗರಿಗೆ ಮಾತು ಕೊಟ್ಟಿದ್ದೇನೆ. ನನ್ನ ತಳಿಯನ್ನು ಯಾರೂ ಕೇಳಬೇಕಾಗುವುದಿಲ್ಲ. ಲಗಾಮೂ ಮೂಗೂ ಎದುರಿಗೇ ಇರುತ್ತವೆ.